ಹಿರಿಯ ಸಹೋದ್ಯೋಗಿಗಳ ವಿರಸ ಮತ್ತು ದೃಢ ಮಧ್ಯಸ್ಥಿಕೆ

ಇಬ್ಬರು ಹಿರಿಯ ಅಧ್ಯಾಪಕರ ನಡುವೆ ವಿರಸ ಮೂಡಿದಾಗ ಮುಖ್ಯೋಪಾಧ್ಯಾಯರು ಸಾಮಾನ್ಯವಾಗಿ ಸಂಕೋಚದಿಂದ ಸುಮ್ಮನಿರುತ್ತಾರೆ, ಇಲ್ಲವೇ ಅಧಿಕಾರದಿಂದ ಆಜ್ಞೆ ಹೊರಡಿಸುತ್ತಾರೆ. ಎರಡರಿಂದಲೂ ವಿರಸ ತೀರುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಮಾಧ್ಯಮಗಳೆರಡೂ ಇರುವ ಶಾಲೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾದುದು. ಕನ್ನಡ ವಿಭಾಗದಲ್ಲಿರುವ ಕೆಲವೇ ಅಧ್ಯಾಪಕರೊಳಗೆ ಮಾತು ನಿಂತರೆ ಪಾಠ ಸೊರಗುತ್ತದೆ. ಬೇಸತ್ತ ಹೆತ್ತವರು ಮಕ್ಕಳ ಮಾಧ್ಯಮ ಬದಲಿಸಿದರೆ ಆರನೆಯ ಕೆಲಸದ ದಿನದ ಎಣಿಕೆಯಲ್ಲಿ ಡಿವಿಜನೇ ಕೈತಪ್ಪಬಹುದು.

ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರ ಉಪನ್ಯಾಸವೊಂದರಲ್ಲಿ ಗ್ರಂಥಾಲಯದ ಪ್ರಸಂಗವನ್ನು ಹೇಳಿದ್ದರು. ಕಿಟಕಿ ತೆರೆದಿರಲಿ ಎಂದು ಒಬ್ಬರು, ಮುಚ್ಚಿರಲಿ ಎಂದು ಫಾಲೆಟ್. ಒಬ್ಬರಿಗೆ ಬೇಕಾದದ್ದು ಗಾಳಿ. ಇನ್ನೊಬ್ಬರಿಗೆ ಬೇಡವಾದದ್ದು ಮೈಮೇಲೆ ನೇರವಾಗಿ ಬೀಸುವ ಚಳಿಗಾಳಿ. ಯಾರೂ ಕುಳಿತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಅಲ್ಲಿ ಯಾರೂ ಸೋಲಲಿಲ್ಲ. ಅರ್ಧರ್ಧ ಬಿಟ್ಟುಕೊಡುವ ರಾಜಿಯೂ ನಡೆಯಲಿಲ್ಲ.

ಈಗ ಶಾಲೆಯ ಸನ್ನಿವೇಶವೊಂದನ್ನು ಊಹಿಸಬಹುದು. ಹತ್ತನೆಯ ತರಗತಿಯ ಮೊದಲ ಪೀರಿಯಡ್ ತನಗೇ ಬೇಕೆಂದು ಗಣಿತದ ಮಾಸ್ಟ್ರೂ ಕನ್ನಡದ ಟೀಚರೂ ಹಟ ಹಿಡಿದಿದ್ದಾರೆ. ಸ್ಟಾಫ್ ರೂಮಿನಲ್ಲಿ, ಕಿರಿಯರ ಎದುರಿಗೇ, ಒಂದು ಕಟು ಮಾತೂ ಆಡಿಹೋಗಿದೆ. ಮುಖ್ಯೋಪಾಧ್ಯಾಯಿನಿ ಇಬ್ಬರಿಗಿಂತಲೂ ಕಿರಿಯರು. ಅವರು ಮೊದಲು ಒಬ್ಬೊಬ್ಬರನ್ನೇ ಕಂಡು, “ಮೊದಲ ಪೀರಿಯಡ್ ಸಿಗದಿದ್ದರೆ ಏನು ಕೆಡುತ್ತದೆ?” ಎಂದು ಕೇಳಬೇಕು. ಮಧ್ಯಾಹ್ನದ ಬಳಿಕ ಮಕ್ಕಳು ದಣಿದಿರುತ್ತಾರೆ ಎಂಬುದು ಮಾಸ್ಟ್ರ ಉತ್ತರ. ಟೀಚರಿಗೆ ಬೆಳಗಿನ ಹೊತ್ತೇ ಬೇಕೆಂದಿಲ್ಲ. ಈಗಿರುವ ಕೊನೆಯ ಪೀರಿಯಡ್ಡನ್ನು ಕಲೋತ್ಸವದ ತಯಾರಿ, ಮೀಟಿಂಗ್ ಎಂದು ಪದೇ ಪದೇ ಕಸಿದುಕೊಳ್ಳುತ್ತಿರುವುದೇ ಅವರ ನೋವು. ಕನ್ನಡ ಪಾಠವೆಂದರೆ ಅಷ್ಟೇ ಎಂಬ ಉಪೇಕ್ಷೆ ಅದರಲ್ಲಿ ಅವರಿಗೆ ಕಾಣುತ್ತದೆ. ಆ ಅನಿಸಿಕೆ ನಿರಾಧಾರವೂ ಅಲ್ಲ.

ಬಳಿಕ ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ದೃಢತೆ ಬೇಕಾಗುತ್ತದೆ: “ಮಾಸ್ಟ್ರೇ, ಟೀಚರೇ, ನೀವಿಬ್ಬರೂ ನನಗಿಂತ ಅನುಭವಸ್ಥರು. ಯಾರು ಸರಿ ಎಂದು ತೀರ್ಪು ಹೇಳಲು ನಾನು ಕುಳಿತಿಲ್ಲ. ಆದರೆ ಈ ಜಗಳ ಹೀಗೆಯೇ ಮುಂದುವರಿಯಲು ಬಿಡುವುದಿಲ್ಲ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕೇಳಬೇಕು. ಶುಕ್ರವಾರದೊಳಗೆ ವೇಳಾಪಟ್ಟಿ ನಿಶ್ಚಯವಾಗಲೇಬೇಕು.” ಇಲ್ಲಿ ಗೌರವಕ್ಕೆ ಕೊರತೆಯಿಲ್ಲ, ಅವಧಿಯೂ ಕ್ರಮವೂ ಮಾತ್ರ ಚರ್ಚೆಗೆ ತೆರೆದಿಲ್ಲ. ಮಾತು ವ್ಯಕ್ತಿನಿಂದೆಗೆ ತಿರುಗಿದೊಡನೆ ತಡೆದು ವಿಷಯಕ್ಕೆ ಮರಳಿಸುವುದೂ ಅವರದೇ ಹೊಣೆ.

ಗಣಿತ ಮೊದಲ ಪೀರಿಯಡ್ಡಿನಲ್ಲೇ ಉಳಿಯಬಹುದು. ಕನ್ನಡ ಊಟಕ್ಕೆ ಮುಂಚಿನ ಪೀರಿಯಡ್ಡಿಗೆ ಬಂದು, ಅದನ್ನು ಯಾವ ತಯಾರಿಗೂ ಬಿಟ್ಟುಕೊಡಬಾರದೆಂಬ ನಿಯಮವಾಗಬಹುದು. ಕಟು ಮಾತಿಗೆ ಎಲ್ಲರೆದುರು ಕ್ಷಮೆ ಕೇಳಿಸುವುದು ವಿವೇಕವಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಡಿದವರೇ ಅದನ್ನು ಹಿಂದೆಗೆದುಕೊಳ್ಳಲು ಅವಕಾಶ ಕೊಟ್ಟರೆ ಸಾಕು. ಒಪ್ಪಿದ ಸಂಗತಿಗಳನ್ನು ಎರಡೇ ಸಾಲಿನಲ್ಲಿ ಬರೆದು ಇಬ್ಬರಿಗೂ ಕೊಡಬೇಕು. ಖಾಸಗಿಯಾಗಿ ಹೇಳಿಕೊಂಡದ್ದು ಸ್ಟಾಫ್ ಕೌನ್ಸಿಲಿನ ನಡಾವಳಿ ಪುಸ್ತಕಕ್ಕೆ ಹೋಗಬಾರದು. ತಿಂಗಳ ಬಳಿಕ ಇಬ್ಬರನ್ನೂ ಮತ್ತೆ ಕರೆದು, ಆ ಪೀರಿಯಡ್ ಎಷ್ಟು ದಿನ ನಿಜವಾಗಿ ನಡೆಯಿತೆಂದು ಎಣಿಸಿ ನೋಡಬೇಕು.