ದೇವಾಲದ ಕಲ್ಲು, ಲೋಟದ ನೀರು

ಗೂಡಲೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ವಸ್ತುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಒಂದು ಸಂಜೆ ಮನೆಗೆ ಬಂದನು. ಒಂದು, ದೇವಾಲದ ಹಳ್ಳದಲ್ಲಿ ಸಿಕ್ಕ, ಹಳದಿ ಹರಳುಗಳು ಮಿನುಗುವ ಬೆಣಚುಕಲ್ಲು. ಇನ್ನೊಂದು, ಪಾಳುಬಿದ್ದ ಗಣಿಯ ಬಳಿ ದೊರೆತ ಹಳದಿ ಲೋಹದ ತುಂಡು. “ಮೇಷ್ಟ್ರೇ, ಇವು ಚಿನ್ನವೆಂದು ತಾವು ಹೇಳಿದರೆ ಮನೆಪತ್ರವನ್ನು ಅಡವಿಟ್ಟಾದರೂ ಆ ಸುರಂಗವನ್ನು ತೋಡಿಸುತ್ತೇನೆ” ಎಂದನು.

ಈ ಆಸೆ ಹೊಸದೇನಲ್ಲ. 1880ರ ಸುಮಾರಿಗೆ ದೇವಾಲ, ಪಂದಲೂರುಗಳ ಚಿನ್ನವನ್ನು ನಂಬಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು; ಕೆಲವೇ ವರ್ಷಗಳಲ್ಲಿ ಮುಳುಗಿದವು. ಇಲ್ಲಿ ಚಿನ್ನವೇ ಇರಲಿಲ್ಲವೆಂದಲ್ಲ, ತೆಗೆಯುವ ಖರ್ಚಿಗೆ ಸಾಲುವಷ್ಟು ಇರಲಿಲ್ಲ. ಅದೇ ಕಾಲದಲ್ಲಿ ಇಂಗ್ಲಿಷ್ ಕಂಪನಿಗಳ ಕೈಸೇರಿದ ಕೋಲಾರದ ಗಣಿಗಳು ಮಾತ್ರ 2001ರವರೆಗೂ ನಡೆದವು.

ಕಲ್ಲಿನ ವಿಚಾರ ಬೇಗ ಮುಗಿಯಿತು. ಒಂದು ಹರಳನ್ನು ಬಿಡಿಸಿ ಸುತ್ತಿಗೆಯಿಂದ ತಟ್ಟಿದೆವು, ಪುಡಿಯಾಯಿತು. ಚಿನ್ನವಾಗಿದ್ದರೆ ಚಪ್ಪಟೆಯಾಗುತ್ತಿತ್ತು. ಇನ್ನೊಂದನ್ನು ಬಿಳಿ ಟೈಲಿನ ಒರಟು ಹಿಂಬದಿಗೆ ಉಜ್ಜಿದಾಗ ಹಸಿರುಗಪ್ಪು ಗೀರು ಬಿದ್ದಿತು. ಚಿನ್ನದ ಗೀರು ಹಳದಿಯೇ. ಇದು ಕಬ್ಬಿಣ, ಗಂಧಕಗಳ ಸಂಯುಕ್ತವಾದ ಪೈರೈಟ್. ಇದನ್ನು ಒಲೆಯಲ್ಲಿ ಕಾಯಿಸಿ ನೋಡಬಾರದು, ವಿಷಾನಿಲ ಬರುತ್ತದೆ.

ತುಂಡಿನದು ತುಸು ಸೂಕ್ಷ್ಮ. ಅಯಸ್ಕಾಂತಕ್ಕೆ ಅದು ಅಂಟಲಿಲ್ಲವೆಂದು ಅವನು ಹಿಗ್ಗಿದನು. ಆದರೆ ತಾಮ್ರ, ಹಿತ್ತಾಳೆ, ಸೀಸಗಳೂ ಅಂಟುವುದಿಲ್ಲ! ಬಣ್ಣವನ್ನಂತೂ ನಂಬಲಾಗದು. ಆದುದರಿಂದ ಆರ್ಕಿಮಿಡೀಸನ ದಾರಿ ಹಿಡಿದೆವು. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತುಂಡು 42.5 ಗ್ರಾಂ ತೂಗಿತು. ಬಳಿಕ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ಹೊಂದಿಸಿ, ತುಂಡನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿದೆವು. ತಕ್ಕಡಿ 5 ಗ್ರಾಂ ತೋರಿಸಿತು. ಅದು ತುಂಡು ಸ್ಥಳಾಂತರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ 8.5, ಹಿತ್ತಾಳೆ! ಶುದ್ಧ ಚಿನ್ನಕ್ಕೆ 19.3 ಬರಬೇಕು, ಬೆಳ್ಳಿಗೆ 10.5, ಸೀಸಕ್ಕೆ 11.3, ತವರಕ್ಕೆ 7.3, ಅಲ್ಯೂಮಿನಿಯಮ್ಮಿಗೆ 2.7.

ವಾಚಕರು ಮನೆಯಲ್ಲಿ ಮಾಡುವುದಾದರೆ ವಸ್ತುವಿಗೆ ಗಾಳಿಯ ಗುಳ್ಳೆ ಅಂಟಿರದಂತೆ ನೋಡಿಕೊಳ್ಳಬೇಕು. ಟೊಳ್ಳಾದ ಬಳೆ, ಕಲ್ಲು ಕೂರಿಸಿದ ಒಡವೆಗಳಿಗೆ ಈ ಲೆಕ್ಕ ಸಲ್ಲದು. ಟಂಗ್‌ಸ್ಟನ್ನಿನ ಸಾಂದ್ರತೆಯೂ 19.3 ಆದುದರಿಂದ, ಅದರ ಮೇಲೆ ಚಿನ್ನ ಲೇಪಿಸಿದರೆ ನೀರೂ ಮೋಸಹೋಗುತ್ತದೆ. ಚಿನ್ನವಲ್ಲವೆಂದು ಹೇಳುವಷ್ಟು ಧೈರ್ಯವಾಗಿ ಚಿನ್ನವೆಂದು ಹೇಳಲು ಈ ಪರೀಕ್ಷೆ ಸಾಲದು. ಆಮ್ಲದ ಪರೀಕ್ಷೆಯನ್ನು ಅಕ್ಕಸಾಲಿಗರಿಗೇ ಬಿಡುವುದು ಲೇಸು.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಇನ್ನೊಮ್ಮೆ ತೂಗೋಣವೆಂದನು, ತೂಗಿದೆವು. ಮತ್ತೆ ಐದೇ ಬಂದಿತು. ಮನೆಪತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಕಲ್ಲನ್ನು ಶಾಲೆಯ ಮಕ್ಕಳಿಗೆ ತೋರಿಸಲೆಂದು ನನಗೇ ಕೊಟ್ಟುಹೋದನು.