ಚೆಂಡುಹೂ: ಹೆಸರು ಒಂದು, ಗಿಡ ಎರಡು

ಸೊಲ್ಲಾಪುರದ ಪೇಟೆಯಲ್ಲಿ ‘ಝೆಂಡು’ ಎಂದು ಕೊಳ್ಳುವ ಹೂವೇ ನಮ್ಮ ಮನೆಮಾತಿನ ಚೆಂಡುಹೂ. ಆದವಾನಿ, ರಾಯದುರ್ಗದ ತೆಲುಗರಿಗೆ ಇದು ‘ಬಂತಿ’. ಕಾಸರಗೋಡಿನ ಮಲಯಾಳಿಗಳಿಗೆ ‘ಚೆಂಡುಮಲ್ಲಿ’, ತುಳುವರಿಗೆ ‘ಗೊಂಡೆ’. ಚೆಂಡು, ಬಂತಿ, ಹಿಂದಿಯ ಗೇಂದಾ ಈ ಮೂರರಲ್ಲಿಯೂ ಮಕ್ಕಳಾಡುವ ಚೆಂಡೇ ಅಡಗಿದೆ. ತಮಿಳರಲ್ಲಿ ‘ತುಲುಕ್ಕ ಸಾಮಂದಿ’, ಅಂದರೆ ತುರ್ಕರ ಸೇವಂತಿಗೆ, ಎಂಬ ಹೆಸರೂ ಉಂಟು. ಆದರೆ ಇದು ಸೇವಂತಿಗೆಯೂ ಅಲ್ಲ, ತುರ್ಕರ ನಾಡಿನದೂ ಅಲ್ಲ. ಇದರ ತವರು ದೂರದ ಮೆಕ್ಸಿಕೋ ಸೀಮೆ.

ಹೆಸರು ಯಾವುದಾದರೇನು ಎಂದು ರೈತ ಬಾಂಧವರು ಕೇಳಬಹುದು. ಬೀಜ ಕೊಳ್ಳುವಾಗಲೇ ತೊಡಕು. ಒಂದೇ ಹೆಸರಿನಡಿ ಎರಡು ಜಾತಿಯ ಗಿಡಗಳಿವೆ. ಮೂರಡಿಯವರೆಗೆ ಬೆಳೆದು, ಹಳದಿ ಇಲ್ಲವೆ ಕೇಸರಿಯ ಒಂದೇ ಬಣ್ಣದ ದಪ್ಪ ಹೂ ಬಿಡುವುದು ಒಂದು. ಅಂಗಡಿಯವರು ಇದನ್ನು ‘ಆಫ್ರಿಕನ್’ ಎನ್ನುತ್ತಾರೆ. ಸುಮಾರು ಒಂದಡಿಯ ಕುಳ್ಳು ಗಿಡದಲ್ಲಿ ಕೆಂಗಂದು ಬೆರೆತ ಚಿಕ್ಕ ಹೂ ಬಿಡುವುದು ಇನ್ನೊಂದು, ಇದು ‘ಫ್ರೆಂಚ್’. ಆಫ್ರಿಕಾಕ್ಕೂ ಫ್ರಾನ್ಸಿಗೂ ಇವುಗಳ ಹುಟ್ಟಿಗೂ ಸಂಬಂಧವಿಲ್ಲ!

ದಸರೆಯ ಮಾಲೆಗೆ ಬೇಕಾದದ್ದು ಎತ್ತರದ ಜಾತಿ. ಟೊಮ್ಯಾಟೊ ಹೊಲದಲ್ಲಿ ಕಾಯಿಕೊರಕ ಹುಳುವನ್ನು ತನ್ನತ್ತ ಸೆಳೆಯುವುದಕ್ಕೂ ಇದನ್ನೇ ನೆಡುತ್ತಾರೆ. 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ ಸಾಕೆಂದು ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಸಲಹೆ. ಚೆಂಡುಹೂವಿನ ಸಸಿ 45 ದಿನದ್ದು, ಟೊಮ್ಯಾಟೊ ಸಸಿ 25 ದಿನದ್ದು ಇರಬೇಕು. ಹಾಗಾದರೆ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿಗೆ ಮಾತ್ರ ಕುಳ್ಳು ಜಾತಿ ಹೆಚ್ಚು ಉಪಯುಕ್ತ. ಅದನ್ನು ಬದುವಿನ ಮೇಲೆ ನಾಲ್ಕು ಗಿಡ ಹಚ್ಚಿದರೆ ಏನೂ ಆಗದು. ಕಾಯಿಪಲ್ಲೆಗೆ ಮೊದಲು ಆ ತುಂಡು ನೆಲದ ತುಂಬ ಒತ್ತಾಗಿ ಬೆಳೆದು ಎರಡು ಮೂರು ತಿಂಗಳು ನಿಲ್ಲಬೇಕು.

ಪೇಟೆಗೆ ಬೆಳೆಯುವವರು ತಾರೀಖು ನೋಡದೆ ಪಂಚಾಂಗ ನೋಡಬೇಕು. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂದಿತ್ತು. 22 ದಿನಗಳ ಅಂತರ. ಹಬ್ಬದ ಮರುದಿನ ಅದೇ ಬುಟ್ಟಿಗೆ ಗಿರಾಕಿ ಸಿಗುವುದು ಕಷ್ಟ. ಆದ್ದರಿಂದ ಹಬ್ಬಕ್ಕೆ ಮೂರು ತಿಂಗಳಿಗೂ ತುಸು ಮೊದಲೇ ಮಡಿಯಲ್ಲಿ ಬೀಜ ಬೀಳಬೇಕು. ತಿಂಗಳ ಸಸಿಯನ್ನು ಒಂದೂವರೆ ಅಡಿಗೊಂದರಂತೆ ನಾಟಿ ಮಾಡಿ, ಬೇರೂರಿದ ಮೇಲೆ ತುದಿ ಚಿವುಟಬೇಕು. ಚಿವುಟಲು ಕೈ ಬಾರದವರ ಗಿಡ ಒಂಟಿ ಕೋಲಿನಂತೆ ನಿಲ್ಲುತ್ತದೆ. ಚಿವುಟಿದ್ದು ಕವಲೊಡೆದು ಹೂ ಹೆಚ್ಚುತ್ತದೆ.

ಹೈಬ್ರಿಡ್ ಪೊಟ್ಟಣದ ಗಿಡದಿಂದ ಬೀಜ ಹಿಡಿಯಬಾರದು. ಮುಂದಿನ ಬೆಳೆ ಹಿಂದಿನಂತೆ ಬಾರದು. ನಾಟಿ ತಳಿಯಾದರೆ ಒಳ್ಳೆಯ ಗಿಡಗಳನ್ನು ಗುರುತಿಸಿ, ಮೊದಲ ದೊಡ್ಡ ಹೂಗಳನ್ನು ಕೀಳದೆ ಗಿಡದಲ್ಲೇ ಒಣಗಲು ಬಿಡಬೇಕು. ಎರಡೂ ಜಾತಿಯ ಬೀಜ ಕಣ್ಣಿಗೆ ಒಂದೇ ಬಗೆ, ಕಪ್ಪು ಸೂಜಿಯ ಹಾಗೆ. ಬಟ್ಟೆಯ ಗಂಟಿನ ಮೇಲೆ ಗಿಡದ ಎತ್ತರ, ಹೂವಿನ ಬಣ್ಣ, ವರ್ಷ ಇವನ್ನು ಬರೆದು ತೇವ ತಾಕದಂತೆ ಇಟ್ಟು, ಮರುವರ್ಷವೇ ಬಿತ್ತಿ ಮುಗಿಸಬೇಕು.