ಚಾಪೆ ಹಾಸಿ, ನೀಳವಾಗಿ ಉಸಿರು ಬಿಡಿ

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಿಡಿದುಕೊಂಡವರಿಗೂ, ‘ಮನೆಗೆಲಸವೇ ಸಾಕಷ್ಟಿದೆ, ಇನ್ನು ವ್ಯಾಯಾಮವೇಕೆ’ ಎನ್ನುವವರಿಗೂ ಒಂದು ಮಾತು: ಪಿಲಾಟಿಸ್ ಕಲಿಯಿರಿ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ರೂಪಿಸಿದ ಈ ವ್ಯಾಯಾಮ ಸಿನಿಮಾ ತಾರೆಯರಿಗಷ್ಟೇ ಮೀಸಲಲ್ಲ. ದುಬಾರಿ ಯಂತ್ರಗಳು ಇಲ್ಲದಿದ್ದರೂ ನಡೆಯುತ್ತದೆ, ಚಾಪೆಯೊಂದಿದ್ದರೆ ಸಾಕು.

ಒಂದು ಸರಳ ಭಂಗಿಯಿಂದ ಶುರುಮಾಡೋಣ. ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ನೆಲಕ್ಕೂರಿ. ಮೂಗಿನಿಂದ ಉಸಿರೆಳೆದಾಗ ಪಕ್ಕೆಲುಬುಗಳು ಅಗಲವಾಗಲಿ. ಬಾಯಿಂದ ನಿಧಾನವಾಗಿ ಬಿಡುತ್ತಾ ಕಿಬ್ಬೊಟ್ಟೆಯನ್ನು ಒಳಕ್ಕೆ ಸೆಳೆದುಕೊಂಡು ಸೊಂಟವನ್ನು ಮೆಲ್ಲಗೆ ಮೇಲೆತ್ತಿ, ಮತ್ತೆ ಅಷ್ಟೇ ನಿಧಾನವಾಗಿ ಇಳಿಸಿ. ಆತುರ ಬೇಡ. ಹೀಗೆ ನೀಳವಾಗಿ ಉಸಿರು ಬಿಡುವಾಗ ಎದೆಬಡಿತ ತಗ್ಗುತ್ತದೆ, ಮನಸ್ಸು ಹದಕ್ಕೆ ಬರುತ್ತದೆ.

ಮನಸ್ಸಿನ ಜೊತೆಗೆ ಹಾರ್ಮೋನ್‌ಗಳ ಲಯವೂ ಮುಖ್ಯ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಬೆಳಿಗ್ಗೆ ಏರಿ ರಾತ್ರಿಗೆ ಇಳಿಯಬೇಕು. ಸದಾ ಚಿಂತೆ, ಅರೆಬರೆ ನಿದ್ದೆ ಈ ಲಯವನ್ನು ಕೆಡಿಸುತ್ತವೆ. ತಪ್ಪದೆ ವ್ಯಾಯಾಮ ಮಾಡಿದರೆ ನಿದ್ದೆ ಸುಧಾರಿಸುತ್ತದೆ, ಸ್ನಾಯುಗಳು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತವೆ. ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದು ಸಾಮಾನ್ಯವಾದ ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದರೆ) ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ. ಆದರೆ ವಾರದಲ್ಲೇ ಹಾರ್ಮೋನ್ ಸರಿಹೋಗುತ್ತದೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ಬದಲಾವಣೆಗೆ ತಿಂಗಳುಗಳೇ ಹಿಡಿಯುತ್ತವೆ.

ವಾರಕ್ಕೆ ಎರಡು ಮೂರು ಸಲ ಪಿಲಾಟಿಸ್ ಮಾಡಿ, ಉಳಿದ ದಿನ ಚುರುಕಾಗಿ ನಡೆಯಿರಿ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂಳೆ ಸವೆತವಿದ್ದರೆ ಬೆನ್ನು ಮುಂದಕ್ಕೆ ಬಾಗಿಸುವ ಭಂಗಿಗಳು ಬೇಡ. ಬಾಣಂತಿಯರು ವೈದ್ಯರನ್ನು ಕೇಳಿಯೇ ಶುರುಮಾಡಲಿ. ಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೈ ಹಗುರಾಯಿತೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.